ಮಂಗಳವಾರದ ಕಸ

ಗೋಡೆಗೂಡಿನೊಳಗೆ ಅರ್ಧ ಮೈ ತೂರಿಸಿ ಕುಮುದಾ ಸಾಮಾನುಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದಳು. ಇನ್ನೊಂದು ಗಂಟೆಗೆ ಗಂಡ ಪ್ರಶಾಂತನ ಹೆಣ ಚಿತಾಗಾರಕ್ಕೆ ಹೊರಡಬೇಕು. ಸೋಮವಾರ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ನಲವತ್ತೆರಡು ಸಾಯುವ ವಯಸ್ಸೇ?

"ಮಾವ, ಇಲ್ಲೊಂದು ರಟ್ಟಿನ ಡಬ್ಬ ಇತ್ತಲ್ಲ, ಇವ್ರ ನೋಟ್‌ಬುಕ್ಸು?"

"ಯಾಕೀಗ ಅದು?" ಎಂದರು ಮಾವ ಶ್ರೀಕಂಠಯ್ಯ.

"ಮೊರಿತಾ ಸಾನ್ ಕಾಲೇಜಿಂದ ಬಂದಿದಾರೆ. ಬೇಸ್‌ಬಾಲ್ ಟೀಮ್ ವಾಪಸ್ ಬರ್ತಿದೆಯಂತೆ ಮಾವ, ಏಪ್ರಿಲ್‌ಗೆ! ಹಳೇ ಮ್ಯಾಚ್‌ಗಳ ರೆಕಾರ್ಡ್ ಅವ್ರ ಹತ್ರ ಒಂದೂ ಇಲ್ವಂತೆ. ಟೀಮ್ ಮತ್ತೆ ಶುರುವಾದ್ರೆ ಬುಕ್ಸ್ ಕಾಲೇಜಿಗೆ ಕೊಟ್ಬಿಡ್ತೀನಿ ಅಂತ ಇವ್ರಿಗೆ ಮಾತು ಕೊಟ್ಟಿದೀನಿ."

ಬಾಗಿಲಲ್ಲಿ ಕಪ್ಪು ಸೂಟಿನ ಮೊರಿತಾ ಕೈಕಟ್ಟಿ ನಿಂತಿದ್ದ.

*

ಅಪ್ಪನ ಸಂಶೋಧನೆಯ ಕೆಲಸದಿಂದಾಗಿ ಏಳನೆಯ ವಯಸ್ಸಿಗೆ ಜಪಾನಿನ ಒಕಾಜಾಕಿಗೆ ಬಂದ ಪ್ರಶಾಂತನಿಗೆ ಭಾಷೆಯಿಲ್ಲ, ಗೆಳೆಯರಿಲ್ಲ. ಮನೆಯ ಹಿಂದೆ ಕಾಲೇಜು ಮೈದಾನವಿತ್ತು. ಬಲೆಗೆ ಮೂಗೊತ್ತಿ ನಿಂತು, ಪ್ರತಿ ಆಟದ ರನ್ನು, ಔಟುಗಳನ್ನೆಲ್ಲ ಅಮ್ಮ ಕಲಿಸಿದ ಕನ್ನಡ ಅಂಕಿಗಳಲ್ಲಿ ಬರೆದಿಟ್ಟ. ಚೆಂಡು ಹೆಕ್ಕಿಕೊಟ್ಟರೆ ಆಟಗಾರ ಮೊರಿತಾ ಟೋಪಿ ತೆಗೆದು ಬಾಗುತ್ತಿದ್ದ. ಆ ಹುಡುಗನಿಗೆ ಅಷ್ಟು ಮರ್ಯಾದೆ ಇನ್ನೆಲ್ಲೂ ಸಿಗಲಿಲ್ಲ.

ಅವನಿಗೆ ಹನ್ನೊಂದಾದಾಗ ಆಟಗಾರರು ಸಾಲದೆ ಟೀಮು ಮುಚ್ಚಿತು.

"ವಾಪಸ್ ಬರುತ್ತೆ ಅಲ್ವಾ ಅಪ್ಪಾ?"

"ಬರಲ್ಲ. ಕೂತು ಓದ್ಕೋ."

ಅಪ್ಪ ಅವತ್ತೇ ಅವನ ಗ್ಲೌಸನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಪ್ರಶಾಂತ ಓದಿದ, ಇಂಜಿನಿಯರಾದ, ಮದುವೆಯಾದ. ಟೀಮು ಬೇಕೆಂದು ಕಾಲೇಜಿಗೆ ವರ್ಷಕ್ಕೊಂದು ಪತ್ರ ಮಾತ್ರ ತಪ್ಪಲಿಲ್ಲ. ಆಫೀಸಿನವರು ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಯಿತು!

*

"ಸತ್ತೋರು ಬಳಸಿದ್ದನ್ನ ಮನೇಲಿ ಇಟ್ಕೋಬಾರ್ದಮ್ಮ. ನಮ್ಮೂರಲ್ಲಾದ್ರೆ ಹೊಳೆಗೆ ಬಿಡ್ತಿದ್ವಿ," ಎಂದರು ಶ್ರೀಕಂಠಯ್ಯ. "ಇಲ್ಲಿ ಹೊಳೆಗೆ ಹಾಕಿದ್ರೆ ಪೊಲೀಸ್ನೋರು ಬರ್ತಾರೆ. ಅದಕ್ಕೇ ಮಂಗಳವಾರದ ಕಸಕ್ಕೆ ಹಾಕ್ದೆ. ಹಾಸಿಗೆ, ಬಟ್ಟೆ, ಆ ಡಬ್ಬ."

ಮೂಲೆಯಲ್ಲಿ ಕೂತಿದ್ದ ಹದಿನಾರರ ಮೊಮ್ಮಗಳು ಸ್ಫೂರ್ತಿ ತಲೆಯೆತ್ತಿದಳು.

"ತಾತ, ಪಪ್ಪನ ಡಿಗ್ರಿ ಸರ್ಟಿಫಿಕೇಟ್? ದಟ್ ಆಲ್ಸೋ?"

"ಛೆ, ಅದನ್ಯಾರಾದ್ರೂ ಬಿಸಾಕ್ತಾರಾ! ಭದ್ರವಾಗಿ ಎತ್ತಿಟ್ಟಿದೀನಿ."

ಮುದುಕ ಈ ಊರಿನ ಕಸದ ನಿಯಮವನ್ನು ಚಾಚೂ ತಪ್ಪಿರಲಿಲ್ಲ. ನಗರಪಾಲಿಕೆ ಒಯ್ದು ಸುಡುವ ಕಸದ ಚೀಲ, ಬಿಗಿಯಾದ ಗಂಟು, ಬೆಳಿಗ್ಗೆ ಎಂಟರೊಳಗೆ. ಪ್ರಶಾಂತನ ಪುಸ್ತಕಗಳು ಪ್ರಶಾಂತನಿಗಿಂತ ಎರಡು ದಿನ ಮೊದಲೇ ಬೆಂದುಹೋಗಿದ್ದವು.

ಕುಮುದಾ ಹೊರಗೆಳೆದ ಸಾಮಾನುಗಳನ್ನು ಹಾಗೇ ಬಿಟ್ಟು ಎದ್ದಳು. ಬಾಗಿಲಿಗೆ ಹೋಗಿ ಜಪಾನಿಯಲ್ಲಿ ಎಲ್ಲ ಹೇಳಿದಳು.

"ಒಂದು ಹಾಳೆಯೂ ಇಲ್ಲವೇ?" ಎಂದ ಮೊರಿತಾ.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು. ಮತ್ತೆ ಮತ್ತೆ ಅದನ್ನೇ ಅಂದಳು.

ಚಿತಾಗಾರದಲ್ಲಿ ಬಿಸಿ ಆರದ ತಟ್ಟೆಯ ಮೇಲೆ ಮೂಳೆಗಳು ಬಂದವು. ಇಲ್ಲಿನ ಪದ್ಧತಿಯಂತೆ ಇಬ್ಬರು ಸೇರಿ ತಮ್ಮ ತಮ್ಮ ಉದ್ದ ಕಡ್ಡಿಗಳಿಂದ ಒಂದೇ ಮೂಳೆಯನ್ನು ಹಿಡಿದು ಮಡಕೆಗೆ ಹಾಕಬೇಕು. ಅಲ್ಲಿನ ನೌಕರ ಮೊದಲು ಸತ್ತವನ ತಂದೆಯನ್ನೂ ಮಗಳನ್ನೂ ಕರೆದ. ಶ್ರೀಕಂಠಯ್ಯ ಪಾದದ ಮೂಳೆಯೊಂದನ್ನು ಎತ್ತಿ ಕಾದರು.

ಸ್ಫೂರ್ತಿ ತನ್ನ ಕಡ್ಡಿಗಳನ್ನು ತಟ್ಟೆಯ ಅಂಚಿಗಿಟ್ಟು, ಜೊತೆಗೆ ಬಂದಿದ್ದ ಮೊರಿತಾನ ಪಕ್ಕಕ್ಕೆ ಹೋಗಿ ನಿಂತಳು.

"ಹಿಡಿಯೇ, ಜಾರುತ್ತೆ!"

ಅವಳು ಅಲ್ಲಾಡಲಿಲ್ಲ.

"ಕುಮುದಾ, ನೀನಾದ್ರೂ ಹಿಡಿಯಮ್ಮ..."

ಕುಮುದಾ ನೆಲ ನೋಡಿದಳು. ಮಗನ ಮೂಳೆ ಕಡ್ಡಿಗಳ ನಡುವೆ ಅದುರುತ್ತ, ಬೂದಿ ಶ್ರೀಕಂಠಯ್ಯನವರ ಬೂಟಿನ ಮೇಲೆ ಉದುರುತ್ತಿತ್ತು.