ಮುಂದಿನ ಚಕ್ರ

ನೆಲ ಮುಟ್ಟಿದ ವಿಮಾನ ಚೆಂಡಿನಂತೆ ಪುಟಿಯಿತು. ಹಾಗಾದರೆ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೇರಬೇಕೆಂದು ಹಾರಾಟ ಕಲಿಸುವ ಮೇಷ್ಟ್ರು ಇಪ್ಪತ್ತು ಸಲ ಹೇಳಿದ್ದರು. ಒಬ್ಬಳೇ ಹಾರುತ್ತಿದ್ದ ಹುಡುಗಿ ಗಾಬರಿಬಿದ್ದು ವಿಮಾನದ ಮೂಗನ್ನು ಕೆಳಕ್ಕೊತ್ತಿದಳು. ಮುಂದಿನ ಚಕ್ರ ಮುರಿಯಿತು, ಪ್ರೊಪೆಲರ್ ರನ್‌ವೇ ಕೆರೆದು ಬಾಗಿತು, ಎರಡು ಸೀಟಿನ ಆ ಪುಟ್ಟ ವಿಮಾನ ಹುಲ್ಲಿಗೆ ನುಗ್ಗಿ ಮುಗ್ಗರಿಸಿ ನಿಂತಿತು.

ಹಣೆಯ ಮೇಲೊಂದು ಬುಗುಟು ಬಿಟ್ಟರೆ ಅವಳಿಗೇನೂ ಆಗಿರಲಿಲ್ಲ. ಆದರೂ ತರಬೇತಿ ಶಾಲೆಯ ಕೋಣೆಯಲ್ಲಿ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಚಡಪಡಿಸುತ್ತಿದ್ದಳು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅಪ್ಪ, ಮಗಳು ಹಾರುವುದನ್ನು ನೋಡಲು ಅಂದೇ ಮೊದಲ ಸಲ ಬಂದವನು, ಮೂಲೆಯಲ್ಲಿ ಕೂತಿದ್ದ.

ಮೇಷ್ಟ್ರು ಹಾಳೆಯೊಂದನ್ನು ಮುಂದಿಟ್ಟರು. "ಏನಾಯ್ತೋ ಬರಿ. ಹಾಂ, ಮುಂದಿನ ಚಕ್ರ ಮೊದಲೇ ಅಲ್ಲಾಡ್ತಿತ್ತಾ? ನಿನ್ನೆ ತಾನೇ ಮೆಕ್ಯಾನಿಕ್ ಅದನ್ನ ಬಿಚ್ಚಿ ಜೋಡಿಸಿದ್ದ."

ಅಷ್ಟು ಹೇಳಿ ಹೊರಗೆ ಹೋದರು. ಕಿಟಕಿಯಾಚೆ ಮೆಕ್ಯಾನಿಕ್ ಮುರಿದ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನು ಬಿಗಿದ ಒಂದೊಂದು ನಟ್ಟನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅಲ್ಲಾಡುತ್ತಿತ್ತು ಎಂಬ ಒಂದು ಮಾತು ಸಾಕಿತ್ತು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಅಪ್ಪಾ, ಅಲ್ಲಾಡಿರಲೂಬಹುದು, ಅಲ್ವಾ?"

"ಅಲ್ಲಾಡ್ತಿತ್ತಾ, ಮಗಳೇ?"

ಅವಳು ಪೆನ್ನಿನ ಮುಚ್ಚಳ ಮತ್ತೆ ಹಾಕಿದಳು. ಅಪ್ಪ ಎದ್ದು ಬಂದು ಅವಳ ಪಕ್ಕ ಕೂತ.

"ನೀನು ಚಿಕ್ಕೋಳಿದ್ದಾಗ ನನ್ನ ಬಸ್ಸು ಗೋಡೆಗೆ ಗುದ್ದಿತ್ತಲ್ಲ, ಬ್ರೇಕ್ ಹಿಡೀಲಿಲ್ಲ ಅಂದಿದ್ದೆ. ಬ್ರೇಕ್ ಚೆನ್ನಾಗೇ ಇತ್ತು ಕಣಮ್ಮ. ನಾನೇ ತೂಕಡಿಸಿದ್ದೆ. ಡಿಪೋ ಮೆಕ್ಯಾನಿಕ್ಕನ್ನ ಕೆಲಸದಿಂದ ತೆಗೆದ್ರು. ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಗ್ಲೇ ಇಲ್ಲ. ದಾರೀಲಿ ಸಿಕ್ಕಾಗೆಲ್ಲ ನಗ್ತಾ ಕ್ಷೇಮ ಕೇಳ್ತಿದ್ದ. ಆಮೇಲಾಮೇಲೆ ನಾನು ಬೇರೆ ಬೀದೀಲಿ ಸುತ್ತು ಹಾಕ್ಕೊಂಡು ಹೋಗೋಕೆ ಶುರುಮಾಡ್ದೆ."

ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ. ಅಪ್ಪನ ಮುಖ ನೋಡಲಾರದೆ ಅವಳು ಹಾಳೆಗೆ ಬಗ್ಗಿ ಬರೆದಳು: 'ಚಕ್ರ ಸರಿಯಾಗಿತ್ತು. ವಿಮಾನ ಪುಟಿದಾಗ ನಾನೇ ಮೂಗನ್ನು ಕೆಳಕ್ಕೊತ್ತಿದೆ.'

ಮೇಷ್ಟ್ರು ಎರಡು ಸಲ ಓದಿದರು. "ಒಂದು ತಿಂಗಳು ಒಬ್ಬಳೇ ಹಾರೋ ಹಾಗಿಲ್ಲ. ನಾಳೆಯಿಂದ ನನ್ನ ಜೊತೆ, ಬರೀ ಇಳಿಯೋದು. ಸಾಕಪ್ಪಾ ಸಾಕು ಅನ್ನೋವರೆಗೆ."

ಅವಳು ಹೊರಗೆ ಬಂದಾಗ ಮೆಕ್ಯಾನಿಕ್ ಕೈಯೊರೆಸುತ್ತ ಎದ್ದ. "ಏನ್ ಬರೆದೆ, ತಾಯಿ?"

ಹೇಳಿದಳು. ಅವನು ಉಸಿರು ಬಿಟ್ಟ. ಮರುಗಳಿಗೆಯೇ ಕಣ್ಣು ಕೆಂಪಗೆ ಮಾಡಿದ. "ಹಂಗಾದ್ರೆ ನನ್ನ ವಿಮಾನಕ್ಕೆ ಈ ಗತಿ ತಂದೋಳು ನೀನೇನಾ!"

ಬೈಗುಳ ಕೇಳಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ತಿಂಗಳು ಕಳೆದು ಮತ್ತೆ ಒಬ್ಬಳೇ ಹಾರಿದಳು, ಮೆತ್ತಗೆ ಇಳಿದಳು. ಎಂಜಿನ್ ಆರಿಸಿದ ಮೇಲೂ ಬೆರಳುಗಳ ನಡುಕ ನಿಲ್ಲದೆ ಸೀಟಿನ ಪಟ್ಟಿ ಬಿಚ್ಚಲಾಗಲಿಲ್ಲ. ಮೆಕ್ಯಾನಿಕ್ಕೇ ಗೊಣಗುತ್ತ ಬಂದು ಬಿಚ್ಚಿದ.