ಚೇಳೂರು ದಾರಿಯ ರೋಲರ್

ಚೇಳೂರು ದಾರಿಯಲ್ಲಿ, ಸಿದ್ದಲಕ್ಷ್ಮಮ್ಮನ ರಾಗಿಹೊಲದ ಅಂಚಿಗೆ, ಉಗಿಯಿಂದ ಓಡುವ ಹಳೇ ರೋಡ್ ರೋಲರೊಂದು ನಿಂತು ಆರು ವರ್ಷವಾಗಿತ್ತು. ರಸ್ತೆ ಕೆಲಸ ಅರ್ಧಕ್ಕೇ ನಿಂತಾಗ ಬಿಟ್ಟುಹೋದವರು ತಿರುಗಿ ಬರಲಿಲ್ಲ. ತೊಂಡೆಬಳ್ಳಿ ಹೊಗೆ ಕೊಳವೆಯ ತುದಿ ಮುಟ್ಟಿತ್ತು. ದಾರಿಹೋಕರು ಬೆರಳಿನ ಸುಣ್ಣವನ್ನು ಅದರ ಚಕ್ರಕ್ಕೇ ಒರೆಸುತ್ತಿದ್ದರು. ಸಿದ್ದಲಕ್ಷ್ಮಮ್ಮನೂ ಅದಕ್ಕೆ ಕುಡುಗೋಲು ನೇತುಹಾಕುತ್ತಿದ್ದಳು.

೧೯೭೮ರ ಬೇಸಿಗೆಯಲ್ಲಿ ಯಾರೋ ಅದರ ಹಿತ್ತಾಳೆ ನಲ್ಲಿಯೊಂದನ್ನು ಬಿಚ್ಚಿಕೊಂಡು ಹೋದರು. "ಹಿಂಗೇ ಬುಟ್ರೆ ಇದರ ಮೂಳೇನೂ ಉಳ್ಸಾಕಿಲ್ಲ" ಎಂದು ಸಿದ್ದಲಕ್ಷ್ಮಮ್ಮ ಬಸ್ಸು ಹತ್ತಿ, ರಸ್ತೆ ಮಾಡಿಸಿದ್ದ ಕಂಟ್ರಾಕ್ಟರನ ತುಮಕೂರಿನ ಕಚೇರಿಗೆ ಹೋದಳು.

"ನಮ್ಮ ರೋಲರೆಲ್ಲಾ ಷೆಡ್ಡಲ್ಲೇ ಇದಾವಲ್ಲಮ್ಮ. ಅದರ ನಂಬರ್ ಏನು?" ಎಂದರು ಗುಮಾಸ್ತ ನರಸಿಂಹಯ್ಯ.

ತನಗೆ ಓದು ಬರದು ಎಂದಳು. ಊರಿಗೆ ಬಂದವಳೇ ಬಳ್ಳಿ ಕಿತ್ತು ಹುಡುಕಿದಳು. ಬಾಯ್ಲರ್ ಪಕ್ಕದಲ್ಲಿ ಕಿಲುಬು ಹಿಡಿದ ಹಿತ್ತಾಳೆ ತಗಡು ಸಿಕ್ಕಿತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಉಬ್ಬಿದ ಅಂಕಿಗಳು ಬೆರಳಿಗೆ ತಗುಲಿದವು. ಅವುಗಳ ಮೇಲೆ ಹಾಳೆಯಿಟ್ಟು ಇದ್ದಿಲು ಉಜ್ಜಿದಳು. ನಂಬರು ಕಪ್ಪಗೆ ಎದ್ದು ಬಂತು.

ಮಾರನೇ ದಿನ ಕಚೇರಿಯಲ್ಲಿ ನರಸಿಂಹಯ್ಯ ಆ ಹಾಳೆಯನ್ನು ಎರಡೂ ಕೈಲಿ ಹಿಡಿದು ನೋಡಿದರು. ಹಳೇ ಪುಸ್ತಕ ತೆಗೆದರು. "ಓದು ಬರಲ್ಲ ಅಂದ್ರಲ್ಲಮ್ಮ!" ಎಂದು ಎದ್ದು ನಿಂತರು. "ಇದು ನಮ್ದೇ."

ವಾರದೊಳಗೆ ನಜೀರ್ ಅಹಮದ್ ಬಂದರು, ಹಿಂದೆ ಆ ರೋಲರನ್ನು ಓಡಿಸಿದ್ದ ಮುದುಕರು. ಕಬ್ಬಿಣಕ್ಕೆ ಸುತ್ತಿಗೆ ತಾಗಿಸುತ್ತಾ ಕಿವಿಗೊಟ್ಟರು.

"ಜೀವ ಐತಾ ಸಾಬ್ರೇ?"

"ಹೊಟ್ಟೆ ಗಟ್ಟಿ ಐತೆ ಕಣಮ್ಮ. ನೋಡಾಣ."

ಹದಿನೈದು ದಿನ ರಿಪೇರಿ ನಡೆಯಿತು. ಕೊನೆಗೆ ಅವಳ ಬಾವಿಯಿಂದ ನೀರು ಸೇದಿ ತುಂಬಿಸಿ, ಬೆಳಿಗ್ಗೆಯೇ ಬೆಂಕಿ ಹಾಕಿದರು. ಮಧ್ಯಾಹ್ನದವರೆಗೂ ಹೊಗೆ ಬಿಟ್ಟರೆ ಏನಿಲ್ಲ. ಆಮೇಲೆ ಎಲ್ಲೋ ಒಳಗೆ ಸುಂಯ್ ಎಂದಿತು. ಕೀಲುಗಳಲ್ಲಿ ನೀರು ಜಿನುಗಿತು. ನಜೀರ್ ಅಹಮದ್ ಹಿಡಿಯನ್ನು ಎಳೆದರು.

ಭಾರಿ ಚಕ್ರ ತಾನಾಗಿ ಉರುಳಿತು.

ಸಿದ್ದಲಕ್ಷ್ಮಮ್ಮನ ಬರಿಗಾಲಿನಡಿ ನೆಲ ನಡುಗಿತು. ಆ ನಡುಕ ಮೊಣಕಾಲು ದಾಟಿ ಎದೆಗೆ ಹತ್ತಿತು. ಆರು ವರ್ಷ ದಿನಾ ಕಂಡದ್ದನ್ನು ಈಗಷ್ಟೇ ನೋಡುತ್ತಿರುವಂತೆ ಅವಳು ಬಾಯಿಬಿಟ್ಟು ನಿಂತಳು.

"ಹತ್ತಮ್ಮ, ಚೇಳೂರ್ಗಂಟ ಬಾ" ಎಂದರು ಅವರು.

ಹತ್ತಿದಳು. ಕಂಬಿ ಬಿಸಿಯಾಗಿತ್ತು, ಬಿಡಲಿಲ್ಲ. ಕೆಳಗೆ ಜಲ್ಲಿಕಲ್ಲು ನುರಿಯುತ್ತಿತ್ತು.

"ಮೆಲ್ಲಗೆ ಓಡ್ಸಿ ಸಾಬ್ರೇ!"

"ಇದಕ್ಕಿಂತ ಮೆಲ್ಲಗೆ ಓಡಾಕೆ ಇದಕ್ಕೆ ಬರಾಕಿಲ್ಲ ಕಣಮ್ಮ" ಎಂದು ನಜೀರ್ ಅಹಮದ್ ನಕ್ಕರು.