ಒಂದು ಸೆಕೆಂಡಿನೊಳಗೆ ಉತ್ತರ

ಚಪ್ಪಲಿ ದೊಡ್ಡದು, ಹೊರಗಿನಿಂದ ಬಂದವರಿಗೆಂದು ಬಾಗಿಲಲ್ಲಿ ಇಟ್ಟಿರುವ ಹಸಿರು ಪ್ಲಾಸ್ಟಿಕ್ ಚಪ್ಪಲಿ, ಹಿಮ್ಮಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ ಖಾಲಿ — ಎರಡು ಬೆರಳು, ಛೆ, ಈ ಮನಸ್ಸಿಗೆ ಅಳೆಯಲು ಬೇರೆ ಏನೂ ಸಿಗಲಿಲ್ಲವೇ — ತೊಕಿಕೊ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು, ಬಂಗಡೆಯ ವಾಸನೆ ಗೋಡೆಯೊಳಗಿಂದಲೇ ಬರುತ್ತಿದೆ, ಮೀನು ಕತ್ತರಿಸುವುದು ಕೆಳಗಿನ ಅಂತಸ್ತಿನಲ್ಲಿ, ಆದರೂ ಈ ಮೀಟಿಂಗ್ ರೂಮಿನ ಪರದೆ, ಆರಿಹೋದ ಚಹಾ, ಮೇಜಿನ ಮೇಲಿನ ಆ ಹಾಳೆ ಕೂಡ ನಾರುತ್ತಿದೆ, ಹಾಳೆಯನ್ನು ಕುಸುಮಿ ಅವಳ ಕಡೆಗೆ ತಿರುಗಿಸಿ ಇಟ್ಟಿದ್ದಾನೆ, ಓದಲು ಕಷ್ಟವಾಗಬಾರದಲ್ಲ, ಅಷ್ಟು ಸೂಕ್ಷ್ಮ ಮನಸ್ಸಿನವನು. ವಿಯೆಟ್ನಾಮಿನಿಂದ ಹುಡುಗಿಯರನ್ನು ಕರೆತಂದು ಜಪಾನಿನ ಈ ಕರಾವಳಿಯ ಕಾರ್ಖಾನೆಗಳಿಗೆ ಹಂಚುವ ಸಂಘದವನು ಕುಸುಮಿ, ಹಂಚುವ ಮೊದಲು ಒಂದು ತಿಂಗಳು ಅವರಿಗೆ ಜಪಾನಿ ಮಾತು ಕಲಿಸುವವಳು ತೊಕಿಕೊ, ಹನ್ನೊಂದು ವರ್ಷದಿಂದ. ಹಾಳೆಯಲ್ಲಿ ನಾಲ್ಕೇ ಸಾಲು. ಥೋಮ್ ಎಂಬ ಈ ಕೆಲಸಗಾರ್ತಿಗೆ ಯಂತ್ರದ ಬಗ್ಗೆ ಕೊಟ್ಟ ಎಚ್ಚರಿಕೆ ಅರ್ಥವಾಗುವಷ್ಟು ಭಾಷೆ ಬರುತ್ತಿತ್ತು, ಕೈ ಸಿಕ್ಕಿಕೊಂಡದ್ದು ಅವಳದೇ ಅಜಾಗರೂಕತೆಯಿಂದ, ಇದನ್ನು ಅವಳ ಶಿಕ್ಷಕಿಯಾದ ನಾನು ದೃಢೀಕರಿಸುತ್ತೇನೆ. ಕೆಳಗೆ ಒಂದು ಪುಟ್ಟ ವೃತ್ತ, ಸಹಿಯ ಬದಲಿಗೆ ಹೆಸರಿನ ಮುದ್ರೆ ಒತ್ತಲು. ಏನಿಲ್ಲ ಸೆನ್ಸೇ, ಎನ್ನುತ್ತಾನೆ ಕುಸುಮಿ, ಶಿಕ್ಷಕಿಗೆ ಸಲ್ಲುವ ಗೌರವದಲ್ಲೇ, ಸುಮ್ನೆ ಒಂದು ಫಾರ್ಮಾಲಿಟಿ, ನೀವು ಒತ್ತಿಬಿಟ್ರೆ ಎಲ್ರಿಗೂ ಹಗುರ, ಆ ಹುಡುಗೀಗೂನೂ. ಹುಡುಗಿಗೆ ಹಗುರ. ಮುದ್ರೆ ಬಿದ್ದರೆ ತಪ್ಪು ಅವಳದು, ಮುಂದಿನ ವಾರ ವಿಮಾನ, ಎಂಟು ಬೆರಳು ತೆಗೆದುಕೊಂಡು ಊರಿಗೆ. ಬೀಳದಿದ್ದರೆ ವಿಚಾರಣೆ, ಕಾರ್ಖಾನೆಗೆ, ಸಂಘಕ್ಕೆ, ಆಮೇಲೆ, ಅವಳಿಗೆ ಇಂಥ ಭಾಷೆ ಕಲಿಸಿ ಕಳಿಸಿದವರು ಯಾರು ಎಂದು ಯಾರಾದರೂ ಕೇಳಿದರೆ —

ಇಂಥ ಭಾಷೆ. ಎಂಥದ್ದು, ಏನು ಕಲಿಸಿದೆ, ಎಲ್ಲವನ್ನೂ ನಗುನಗುತ್ತಲೇ ಕಲಿಸಿದ್ದಲ್ಲವೇ, ಒಂದು ದಿನ ದನಿ ಎತ್ತಿದವಳಲ್ಲ, ಒಂದು ದಿನ ತಡವಾಗಿ ಹೋದವಳಲ್ಲ, ಮಗಳು ಮಿಚಿರು ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳವರೆಗೆ ನಿಂತುಕೊಂಡೇ ಪಾಠ, ಅದಂತೂ ಬೇರೆ ಶಾಲೆ, ಆಗ ಇಪ್ಪತ್ತೆಂಟರ ವಯಸ್ಸು, ಒಬ್ಬರಿಗೆ ಮಾತು ಕೊಟ್ಟರೆ ಮನೆ ಕೊಟ್ಟಹಾಗೆ ಎಂದು ನಂಬಿದ್ದ ವಯಸ್ಸು, ಡೈರಿಯಲ್ಲಿ ಬರೆದೂ ಇದ್ದಳು, ಇದೊಂದನ್ನು ಸರಿಯಾಗಿ ಮಾಡಿದರೆ ಬದುಕಿದ್ದಕ್ಕೆ ಸಾಕು ಎಂದು, ಈಗ ಆ ಡೈರಿ ಸಿಕ್ಕರೆ ತೆರೆಯುವ ಧೈರ್ಯವಿಲ್ಲ. ಒಂದು ತಿಂಗಳಲ್ಲಿ ಏನು ಕಲಿಸಲಾದೀತು, ಹೇಳಿ, ಕುಸುಮಿಯೇ ಮೊದಲ ದಿನ ಹೇಳಿದ್ದ, ಕಾರ್ಖಾನೆಯವರಿಗೆ ಬೇಕಾಗಿರೋದು ಉತ್ತರ ಸೆನ್ಸೇ, ಪ್ರಶ್ನೆ ಅಲ್ಲ. ಅರ್ಥವಾಯಿತೇ ಎಂದರೆ ಒಂದು ಸೆಕೆಂಡಿನೊಳಗೆ, ಹೌದು, ಅರ್ಥವಾಯಿತು. ಚಪ್ಪಾಳೆ ತಟ್ಟಿ ಲೆಕ್ಕ, ತಟ್ಟಿದ ಕೈ ಬೇರ್ಪಡುವ ಮುಂಚೆ ಇಪ್ಪತ್ತು ಗಂಟಲು ಒಟ್ಟಿಗೆ, ಹೌದು, ಅರ್ಥವಾಯಿತು, ಎಷ್ಟು ಜೋರಾಗಿ ಎಂದರೆ ಕಿಟಕಿ ಗಾಜು ನಡುಗಬೇಕು, ಇನ್ನೊಮ್ಮೆ ಹೇಳಿ ಎಂದು ಕೇಳಿದವರು ಹಿಂದೆ ಹೋಗಿ ನಿಲ್ಲಬೇಕು, ಅದು ಕುಸುಮಿಯ ನಿಯಮ, ಮೊದಲ ವರ್ಷ ಬೇಡವೆಂದು ವಾದಿಸಿದ್ದಳು, ಎರಡನೆಯ ವರ್ಷ ಸುಮ್ಮನಿದ್ದಳು, ಮೂರನೆಯ ವರ್ಷದ ಹೊತ್ತಿಗೆ ಅದು ಯಾರ ನಿಯಮವೆಂಬುದೇ ಮರೆತುಹೋಗಿತ್ತು. ಥೋಮ್ ಹಿಂದೆಯೇ ನಿಲ್ಲುತ್ತಿದ್ದಳು, ಮೊದಲ ಹತ್ತು ದಿನ, ಕೇಳಿದ್ದನ್ನು ಬಾಯೊಳಗೆ ಒಮ್ಮೆ ತಿರುಗಿಸಿ ನೋಡಿ ಆಮೇಲೆ ಉತ್ತರಿಸುವ ಹುಡುಗಿ, ಹುಬ್ಬು ಗಂಟಿಕ್ಕಿ, ಇಪ್ಪತ್ತೆರಡರ ಹುಡುಗಿಗೆ ಅಜ್ಜಿಯ ಹುಬ್ಬು, ಅದನ್ನು ಬಿಡಿಸಿದ್ದು ತೊಕಿಕೊ, ತರಗತಿ ಮುಗಿದ ಮೇಲೆ ತಾನೇ ಕೂರಿಸಿಕೊಂಡು, ತನ್ನ ಊಟದ ಡಬ್ಬಿಯಿಂದ ಅರ್ಧ ಅನ್ನದುಂಡೆ ಕೊಟ್ಟು, ಯೋಚ್ನೆ ಮಾಡ್ಬೇಡಮ್ಮಾ, ಬಾಯಿಗೆ ಬಿಟ್ಬಿಡು, ಬಾಯಿ ತಾನೇ ಹೇಳುತ್ತೆ. ಕೊನೆಯ ವಾರ ಎಲ್ಲರಿಗಿಂತ ಮೊದಲು ಥೋಮ್‌ಳ ದನಿ. ಹೊಸವರ್ಷಕ್ಕೆ ಕಾರ್ಡು ಬಂತು, ಮಕ್ಕಳ ಅಕ್ಷರದಂಥ ಅಕ್ಷರ, ಲೀಡರ್ ಬೇಗ ಬೇಗ ಮಾತಾಡ್ತಾರೆ, ನನಗೆ ಗೊತ್ತಾಗೋದಿಲ್ಲ, ನಾನು ಹೌದು ಅಂತೀನಿ, ಲೀಡರ್‌ಗೆ ಖುಷಿ, ಸೆನ್ಸೇ ಕಲಿಸಿದ್ದು ತುಂಬಾ ಉಪಯೋಗ ಆಗ್ತಿದೆ. ಎಷ್ಟು ಸಂತೋಷಪಟ್ಟಿದ್ದಳು. ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ತರಗತಿಯ ಗೋಡೆಗೆ ಅಂಟಿಸಿದಳು, ನೋಡಿ, ಮೂರೇ ತಿಂಗಳಲ್ಲಿ ನಿಮ್ಮ ಅಕ್ಕ ಹೀಗೆ ಬರೆಯುತ್ತಾಳೆ ಎಂದು ಹೊಸಬರಿಗೆ ತೋರಿಸಿದಳು, ಐದು ತಪ್ಪು ತಿದ್ದಿದವಳು ಬರೆದದ್ದನ್ನು ಓದಿರಲಿಲ್ಲ, ಒಂದು ಸಾಲನ್ನೂ ಓದಿರಲಿಲ್ಲ, ಇವತ್ತಿಗೂ ಅದು ಅಲ್ಲೇ ಇದೆ, ಇವತ್ತು ಬೆಳಿಗ್ಗೆಯೂ ಅದರ ಕೆಳಗೆ ನಿಂತು ಇಪ್ಪತ್ತು ಜನರಿಗೆ ಚಪ್ಪಾಳೆ ತಟ್ಟಿ ಬಂದಿದ್ದಾಳೆ.

ಕುಸುಮಿಯ ಪಕ್ಕ ಕೂತ ಕಾರ್ಖಾನೆಯ ಲೀಡರ್ ಒಬಾರಾ ಬಾಯಿ ತೆಗೆದರೆ ನಿಲ್ಲಿಸುವವನಲ್ಲ, ಕೆಟ್ಟವನಲ್ಲ, ನಿದ್ದೆಗೆಟ್ಟ ಕಣ್ಣು, ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ಇವನೇ ಅಂತೆ, ಮೀನು ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆರಿಸು ಎಂದು ತಾನೇ ಇಪ್ಪತ್ತು ಸಲ ಹೇಳಿದ್ದೆ ಎನ್ನುತ್ತಿದ್ದಾನೆ, ಪ್ರತಿ ಸಲ ಹೌದು ಅಂದ್ಳು ಸೆನ್ಸೇ, ಎಷ್ಟು ಚಂದ ಅಂದ್ಳು ಗೊತ್ತಾ, ನಮ್ಮೂರ ಹುಡುಗ್ರ ಬಾಯಲ್ಲಿ ಅಂಥ ಹೌದು ಕೇಳಿಲ್ಲ ನಾನು, ಇಂಥವ್ರನ್ನೇ ಇನ್ನಿಬ್ಬರನ್ನ ಕಳ್ಸಿ ಅಂತ ಕುಸುಮಿ ಸಾನ್‌ಗೆ ಫೋನ್ ಮಾಡಿದ್ದೆ, ಅದೂ ಇದಾಗೋ ಹಿಂದಿನ ದಿನವೇ. ಅರ್ಧಕ್ಕೆ ನಿಂತ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನು ಸುಳ್ಳು ಹೇಳುತ್ತಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ಮಿಚಿರು, ಹದಿನೈದರ ನಾಲಿಗೆ, ಮಿಸೊ ಸಾರಿನ ಬಟ್ಟಲಿನ ಮೇಲಿಂದ, ಅಮ್ಮಾ, ನಿಂಗೆ ಅವ್ರ ಭಾಷೆ ಬರುತ್ತಾ. ಇಲ್ಲ. ಒಂದು ಪದಾನೂ ಬರಲ್ವಾ. ತರಗತಿಯೊಳಗೆ ಜಪಾನಿ ಮಾತ್ರ ಕಣೆ, ಅದು ಪದ್ಧತಿ. ಮತ್ತೆ ಹನ್ನೊಂದು ವರ್ಷ ಏನ್ ಮಾತಾಡಿದ್ರಿ, ನೀನೊಬ್ಳೇ ಮಾತಾಡಿದ್ದು, ಅಲ್ವಾ — ಬಟ್ಟಲು ತೊಳೆಯುತ್ತ ನಕ್ಕಳು — ಮನೇಲೂ ಅಷ್ಟೇ ಬಿಡು. ಬಸ್ಸಿಗೆ ತಡವಾಗಿತ್ತು, ತೊಕಿಕೊ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಮುದ್ರೆ ಒತ್ತುವ ಮೊದಲು ಹುಡುಗಿಯನ್ನು ನೋಡಬೇಕು ಎಂದಷ್ಟೇ ಕೇಳಿಕೊಂಡಿದ್ದಾಳೆ, ಅದಕ್ಕೇ ಕುಸುಮಿಯ ಮುಖ ಸ್ವಲ್ಪ ಬಿಗಿದಿತ್ತು, ನೋಡಿ ಸೆನ್ಸೇ, ಧಾರಾಳವಾಗಿ ನೋಡಿ, ಆದ್ರೆ ಅಳಿಸ್ಬೇಡಿ ಪಾಪ. ನೋಡಿ ಏನು ಮಾಡುವುದು, ನಿಜ ಕೇಳುವುದು, ಗೊತ್ತಾಗಿರಲಿಲ್ಲ ಎಂದು ಅವಳ ಬಾಯಿಂದ ಒಂದು ಮಾತು ಬಂದರೆ ಸಾಕು, ಈ ಹಾಳೆ ಹರಿದು ಎದ್ದು ಹೋಗಬಹುದು, ಒಂದು ಮಾತು, ಹನ್ನೊಂದು ವರ್ಷಕ್ಕೆ ಒಂದು —

ಬಾಗಿಲು ಸರಿಯಿತು. ಥೋಮ್. ಕೂದಲು ಕತ್ತರಿಸಿಕೊಂಡಿದ್ದಾಳೆ, ಯಾರೋ ಕತ್ತರಿಸಿದ್ದಾರೆ, ಕಾರ್ಖಾನೆಯ ನೀಲಿ ಜಾಕೆಟ್ಟು, ಒಳಗೆ ಬಂದು ಎರಡು ಹೆಜ್ಜೆ, ನಿಂತು, ಹಿಮ್ಮಡಿ ಕೂಡಿಸಿ, ಬಲಗೈಯ ಮೇಲೆ ಎಡಗೈ ಇಟ್ಟು ಬಾಗಿದಳು, ಎಡಗೈಗೆ ಬಿಳಿ ಬಟ್ಟೆ, ಮಣಿಕಟ್ಟಿನವರೆಗೆ ದಪ್ಪನೆಯ ಬಿಳಿ ಬಟ್ಟೆ, ಅದನ್ನು ಹಿಂದೆ ಇಟ್ಟುಕೊಳ್ಳಬಹುದಿತ್ತು, ಜೇಬಿಗೆ ಹಾಕಬಹುದಿತ್ತು, ಎದೆಗೆ ಅವುಚಿಕೊಳ್ಳಬಹುದಿತ್ತು, ಮನುಷ್ಯರು ನೋವಿರುವ ಕೈಯನ್ನು ಹಾಗಲ್ಲವೇ ಹಿಡಿಯುವುದು, ಅವಳು ಮೇಲಕ್ಕೆ ಇಟ್ಟಳು, ಎಡಗೈ ಯಾವಾಗಲೂ ಮೇಲೆ, ತರಗತಿಯ ಪಾಠ. ನನ್ನ ಅಜಾಗರೂಕತೆಯಿಂದ ಎಲ್ಲರಿಗೂ ತೊಂದರೆಯಾಯಿತು, ದಯವಿಟ್ಟು ಕ್ಷಮಿಸಬೇಕು. ಒಂದು ಉಸಿರಿನಲ್ಲಿ, ಎಲ್ಲೂ ತಡವರಿಸದೆ, ಏರಬೇಕಾದಲ್ಲಿ ಏರಿ ಇಳಿಯಬೇಕಾದಲ್ಲಿ ಇಳಿದು, ಅದು ಥೋಮ್‌ಳ ದನಿಯಲ್ಲ, ತೊಕಿಕೊಳ ದನಿ, ಟೇಪಿಗೆ ತುಂಬಿಸಿಟ್ಟ ಅವಳದೇ ದನಿ ಇನ್ನೊಂದು ಗಂಟಲಿನಿಂದ. ಥೋಮ್ ಸಾನ್, ನಿಜ ಹೇಳು, ಮೀನು ಸಿಕ್ಕಿಕೊಂಡ್ರೆ ಏನ್ ಮಾಡ್ಬೇಕು ಅಂತ ಅವ್ರು ಹೇಳಿದ್ದು ಗೊತ್ತಾಗಿತ್ತಾ ನಿಂಗೆ. ಹೌದು, ಅರ್ಥವಾಯಿತು. ಸೆಕೆಂಡೂ ಆಗಿರಲಿಲ್ಲ. ಗೊತ್ತಾಗಿರ್ಲಿಲ್ಲ ಅಂದ್ರೂ ಪರವಾಗಿಲ್ಲಮ್ಮಾ, ಯಾರೂ ಬಯ್ಯಲ್ಲ, ನಾನಿದೀನಿ. ಹೌದು, ಅರ್ಥವಾಯಿತು. ಹುಬ್ಬು, ಆ ಹುಬ್ಬಾದರೂ ಒಮ್ಮೆ ಗಂಟಿಕ್ಕಲಿ ಎಂದು ಕಾಯುತ್ತಿದ್ದಾಳೆ ತೊಕಿಕೊ, ಹಣೆ ನುಣ್ಣಗಿದೆ. ನೋಯ್ತಾ ಇದೆಯಾ. ಇಲ್ಲ, ಪರವಾಗಿಲ್ಲ, ತೊಂದರೆ ಕೊಟ್ಟೆ, ಕ್ಷಮಿಸಿ. ನೋಡಿದ್ರಾ, ಎಂದ ಕುಸುಮಿ ಮೆಲ್ಲಗೆ, ಎಷ್ಟು ಚೆನ್ನಾಗಿ ಬರುತ್ತೆ. ಬೇರೆ ಮಾತು ಬೇಕು, ಇವಳ ಊರಿನದು, ಇವಳ ಅಮ್ಮನ ಬಾಯಿಯದು, ಒಂದೇ ಒಂದು, ಬಾಯಿ ತೆರೆದಳು ತೊಕಿಕೊ — ಒಂದು ಇತ್ತು, ಒಮ್ಮೆ ತನಗೆ ತಲೆನೋವೆಂದು ಹಣೆ ಒತ್ತಿಕೊಂಡು ಕೂತಿದ್ದಾಗ ಈ ಹುಡುಗಿ ಹತ್ತಿರ ಬಂದು ಹಣೆ ಮುಟ್ಟಿ ತನ್ನ ಭಾಷೆಯಲ್ಲಿ ಏನೋ ಅಂದಿದ್ದಳು, ಚಿಕ್ಕ ಮಾತು, ಕೊನೆಗೆ ದನಿ ಕೆಳಕ್ಕೆ ಬೀಳುವ ಮಾತು, ಹೇಳಿ ಸೆನ್ಸೇ ನೀವೂ ಹೇಳಿ ಎಂದು ನಗುತ್ತ, ಈ ಕೋಣೆಯಲ್ಲಿ ಜಪಾನಿ ಮಾತ್ರ ಎಂದು ಬೆರಳು ಎತ್ತಿದ್ದಳು ತೊಕಿಕೊ — ಏನದು, ಏನಿತ್ತು ಅದು, ತುಟಿಯ ಆಕಾರ ನೆನಪಿದೆ, ದನಿ ಇಲ್ಲ, ತೆರೆದ ಬಾಯಿ ತೆರೆದೇ ಇದೆ, ಒಬಾರಾ ಚಹಾದ ಬಟ್ಟಲನ್ನು ಅವಳ ಕಡೆಗೆ ಸರಿಸುತ್ತಿದ್ದಾನೆ, ಥೋಮ್ ಇನ್ನೂ ಕೂತಿಲ್ಲ, ಕೂರು ಎನ್ನುವವರೆಗೆ ಕೂರಬಾರದು, ಅವಳ ಕಣ್ಣು ತೊಕಿಕೊಳ ಮುಖದಲ್ಲಿ ಏನನ್ನೋ ಹುಡುಕುತ್ತಿದೆ, ದಯೆಯನ್ನಲ್ಲ, ಸಹಾಯವನ್ನಲ್ಲ, ಸರಿಯಾಗಿ ಹೇಳಿದೆನೇ ಎಂದು, ಅಷ್ಟೇ, ತಪ್ಪಿಲ್ಲದೆ ಹೇಳಿದೆನೇ ಎಂದು, ತಪ್ಪಿರಲಿಲ್ಲ, ಒಂದೂ ತಪ್ಪಿರಲಿಲ್ಲ, ತೊಕಿಕೊಳ ತಲೆ ಮೆಲ್ಲಗೆ ತಾನಾಗಿಯೇ ಆಡಿತು, ಸರಿ ಎಂದು, ಹುಡುಗಿಯ ಮುಖ ಅರಳಿತು, ಎಷ್ಟು ದಿನಗಳ ಮೇಲೋ ಅರಳಿದಂತೆ ಅರಳಿತು, ಕುಸುಮಿ ಮುದ್ರೆಗೆಂದು ಕೆಂಪು ಮಸಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಬೆರಳುಗಳು ಕೂಡಿರಬೇಕು ಎಂದು ಎಷ್ಟು ಸಲ ಹೇಳಿಕೊಟ್ಟಿದ್ದಳು, ಬೆರಳ ನಡುವೆ ಬೆಳಕು ಕಾಣಬಾರದು, ಕಾಣುತ್ತಿಲ್ಲ, ಬಲಗೈಯ ಮೇಲೆ ಎಡಗೈ, ಬಿಳಿ ಬಟ್ಟೆಯೊಳಗೆ ಇರುವವೂ ಇಲ್ಲದವೂ ಕೂಡಿಕೊಂಡು, ಬಲಗೈಯ ಮೇಲೆ ಎಡಗೈ, ಬಲಗೈಯ ಮೇಲೆ ಆ ಬಿಳಿ ಕೈ